ಆರು ಕೆ.ಜಿ.ಯ ಫ್ಲೈವೀಲು

ಲೇತಿನ ಕೆಲಸ ಬಲ್ಲವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ರೇಸಿನ ಕಾರನ್ನು ಹತ್ತಿರದಿಂದ ನೋಡಿದವರೂ ಕೆಲವರಿದ್ದಾರೆ. ಎರಡನ್ನೂ ಅರೆಬರೆ ತಿಳಿದುಕೊಂಡು ಈ ಕತೆ ಹೇಳಲು ಹೊರಟದ್ದಕ್ಕೆ ಮೊದಲೇ ಮನ್ನಿಸಿ ಎಂದು ಕೇಳಿಕೊಳ್ಳಬೇಕು. ಹೇಳುವುದರಲ್ಲಿ ತಪ್ಪು ಕಂಡರೆ ಅದು ಹೇಳಿದವರದು. ಬೈಲಪ್ಪ ಮಾಡಿದ ತಪ್ಪು ಒಂದೇ, ಅದನ್ನು ಅವನೇ ಒಪ್ಪಿಕೊಂಡಿದ್ದಾನೆ.

ಹೊಸಕೋಟೆಯಲ್ಲಿ ಮದರಾಸು ರಸ್ತೆಯ ಪಕ್ಕಕ್ಕೆ ಬೈಲಪ್ಪನ ಲೇತ್ ಅಂಗಡಿ. ಸೂಲಿಬೆಲೆಯಿಂದ ಜಡಿಗೇನಹಳ್ಳಿಯವರೆಗೆ ಯಾರ ಬಾವಿಯ ಪಂಪ್‌ಸೆಟ್ ಕೆಟ್ಟರೂ ಅದರ ಸಾಮಾನು ಗೋಣಿಚೀಲದಲ್ಲಿ ಅವನ ಮುಂದೆ ಬಂದು ಬೀಳುತ್ತಿತ್ತು. ೧೯೭೨ರ ಸಂಕ್ರಾಂತಿ ಕಳೆದ ಮೇಲೆ ಗೋಣಿಚೀಲದ ಬದಲು ಒಂದು ಕಾರೇ ಬಂತು. ಎರಡೇ ಸೀಟಿನ, ಉದ್ದ ಮೂತಿಯ ಹಳೆಯ ಇಂಗ್ಲಿಷ್ ಕಾರು. ದೇವನಹಳ್ಳಿಯ ದ್ರಾಕ್ಷಿ ತೋಟದ ಆದಿನಾರಾಯಣಪ್ಪ ಅದನ್ನು ತನ್ನ ದೇಶಕ್ಕೆ ವಾಪಸು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡಿದ್ದರು. ಮದರಾಸಿನ ಕಡೆ ನಡೆಯುವ ರೇಸಿನಲ್ಲಿ ಅದನ್ನು ಓಡಿಸಬೇಕಾದವನು ಬೈಲಪ್ಪನ ಹೆಂಡತಿ ಪಿಳ್ಳಮ್ಮನ ತಮ್ಮ, ಮುನಿಶಾಮಪ್ಪ.

"ಇಂಜಿನ್ನಿಗೆ ಮಾಡ್ಸೋದೆಲ್ಲ ಮಾಡ್ಸಿದ್ದೀನಿ ಬೈಲಪ್ಪ," ಎಂದರು ಆದಿನಾರಾಯಣಪ್ಪ. "ಆದ್ರೂ ಗೇರು ಹಾಕಿದ್ಮೇಲೆ ಏಳೋಕೆ ಸೋಮಾರಿತನ. ಈ ಫ್ಲೈವೀಲು ಹತ್ತು ಕೆ.ಜಿ. ಇದೆ, ಐದಕ್ಕಿಳಿಸ್ಕೊಡು. ರೇಸಿಗೆ ಇನ್ನು ಮೂರು ವಾರ."

ಫ್ಲೈವೀಲು ಅಂದರೆ ಇಂಜಿನ್ನಿನ ಹಿಂದೆ ಕಚ್ಚಿಕೊಂಡು ತಿರುಗುವ ದಪ್ಪನೆಯ ತಟ್ಟೆ. ಬೈಲಪ್ಪ ಅಂಥವನ್ನು ನೂರಾರು ನೋಡಿದ್ದ, ಎಲ್ಲವೂ ಪಂಪ್‌ಸೆಟ್ಟಿನವು. ಅವುಗಳಿಗೆ ಅಂಚಿನ ತೂಕವೇ ಜೀವ. ಅಂಚು ಭಾರವಾಗಿದ್ದಷ್ಟೂ ಇಂಜಿನ್ನು ಒಂದೇ ಸಮ ಬಡಿದುಕೊಂಡು ನೀರೆತ್ತುತ್ತದೆ. ಹೀಗಾಗಿ ಅವನು ಕೈಗೆ ಬಂದ ಅಭ್ಯಾಸದಂತೆ ಅಂಚನ್ನು ಮುಟ್ಟದೆ ನಡುಭಾಗವನ್ನು ಕೆತ್ತಿದ, ಬೋಲ್ಟುಗಳ ಸುತ್ತ ತೆಳ್ಳಗೆ ಮಾಡಿದ. ಸೊಸೈಟಿಯ ತಕ್ಕಡಿಯಲ್ಲಿಟ್ಟಾಗ ಏಳು ಕೆ.ಜಿ. ತೂಗಿತು.

ಜೋಡಿಸಿ ಓಡಿಸಿದ ಮುನಿಶಾಮಪ್ಪ ಎರಡೇ ಮೈಲಿಗೆ ವಾಪಸು ಬಂದ.

"ಭಾವ, ಮೂರು ಕೆ.ಜಿ. ಎಲ್ಲಿ ತೆಗ್ದೆ ಅಂತೀಯ? ನನಗಂತೂ ಇಂಜಿನ್ನಲ್ಲಿ ಸಿಗಲಿಲ್ಲ."

"ತಕ್ಕಡಿ ಸುಳ್ಳು ಹೇಳ್ತದೇನಲಾ?"

"ತಕ್ಕಡಿಗೆ ರೇಸಿಲ್ವಲ್ಲ ಭಾವ."

ಬೈಲಪ್ಪನಿಗೆ ಊಟ ರುಚಿಸಲಿಲ್ಲ. ಮಾರನೆಯ ದಿನ ದುರಸ್ತಿಗೆ ಬಂದಿದ್ದ ಪಂಪ್‌ಸೆಟ್ ಇಂಜಿನ್ನಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ನಡುವಿನ ಕಬ್ಬಿಣ ಇದ್ದಲ್ಲೇ ಸುತ್ತುತ್ತದೆ, ಅಂಚಿನದು ಅಷ್ಟೇ ಹೊತ್ತಿನಲ್ಲಿ ಎಷ್ಟೋ ದೂರ ಓಡುತ್ತದೆ. ನೀರೆತ್ತುವ ಇಂಜಿನ್ನಿಗೆ ಬೇಕಾದ ಆ ಭಾರವೇ ಈ ಕಾರಿಗೆ ಬೇಡವಾದದ್ದು. ಅದನ್ನೇ ಅವನು ಜೋಪಾನವಾಗಿ ಉಳಿಸಿದ್ದ. ತೆಗೆಯಬಾರದ ಕಡೆ ತೆಗೆದಿದ್ದ.

ವಿಷಯ ತಿಳಿದ ಆದಿನಾರಾಯಣಪ್ಪ ನಕ್ಕರು. "ಅಷ್ಟೇ ತಾನೇ? ಈಗ ಅಂಚೂ ತೆಗಿ. ಐದಕ್ಕೆ ಬಂದೇ ಬಿಡ್ತದೆ."

"ಆಗಲ್ಲ ಸ್ವಾಮಿ. ಇದು ಬೀಡು ಕಬ್ಬಿಣ, ಉಕ್ಕಿನಂಗೆ ಬಾಗಲ್ಲ, ಒಡೀತದೆ. ನಡುವೆ ಆಗ್ಲೇ ತೆಳ್ಳಗೆ ಮಾಡ್ಬಿಟ್ಟಿದ್ದೀನಿ. ನಿಮಿಷಕ್ಕೆ ಆರು ಸಾವಿರ ಸುತ್ತು ಸುತ್ತೋವಾಗ ಹೋಳಾದ್ರೆ ಚೂರು ಮೊದ್ಲು ಹೋಗೋದು ಓಡಿಸೋನ ಕಾಲಿಗೆ."

"ಎಲ್ಲಿ, ಸದ್ದು ಮಾಡಿ ನೋಡು."

ಬೈಲಪ್ಪ ಕಾರಿನಿಂದ ಬಿಚ್ಚಿಟ್ಟಿದ್ದ ಫ್ಲೈವೀಲನ್ನು ಹಗ್ಗದಲ್ಲಿ ತೂಗುಬಿಟ್ಟು ಮರದ ಕೊಡತಿಯಿಂದ ತಟ್ಟಿದ. ಗಂಟೆಯ ಹಾಗೆ ಒಳ್ಳೆಯ ನಾದ ಬಂತು. ಎಲ್ಲೂ ಬಿರುಕಿಲ್ಲ.

"ಕೇಳಿದ್ಯಾ? ಗಟ್ಟಿಯಾಗಿದೆ. ಸುಮ್ನೆ ಹೆದರ್ಕೋತೀಯ ನೀನು."

"ಹಾಕು ಭಾವ," ಎಂದ ಮುನಿಶಾಮಪ್ಪನೂ. "ಕಾಲು ನಂದು ತಾನೇ?"

ಹೆದರಿಕೆ ಬೈಲಪ್ಪನಿಗೆ ಹುಟ್ಟಿನಿಂದ ಬಂದದ್ದು. ಅಂಗಡಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುವವನು. ಹೆದರಿಕೆ ಯಾವುದು, ವಿವೇಕ ಯಾವುದು ಎಂದು ಅವನಿಗೇ ಎಷ್ಟೋ ಸಲ ತಿಳಿಯುತ್ತಿರಲಿಲ್ಲ, ಅವತ್ತೂ ತಿಳಿಯಲಿಲ್ಲ. ಆದರೆ ಆ ಚಕ್ರ ಅಂಗಡಿಯಲ್ಲಿ ಇರುವವರೆಗೂ ಇವರು ಕೇಳುತ್ತಲೇ ಇರುತ್ತಾರೆ, ತಾನು ಒಂದಲ್ಲ ಒಂದು ದಿನ ಹೂಂ ಅಂದುಬಿಡುತ್ತೇನೆ ಎಂಬುದು ಮಾತ್ರ ಸ್ಪಷ್ಟವಾಗಿ ತಿಳಿಯಿತು. ಅವನು ಹಗ್ಗ ಬಿಚ್ಚಿ, ಚಕ್ರವನ್ನು ಕಬ್ಬಿಣದ ಅಡಿಗಲ್ಲಿಗೆ ಒರಗಿಸಿ, ದೊಡ್ಡ ಸುತ್ತಿಗೆ ಎತ್ತಿ ಹೊಡೆದ. ಮೂರನೆಯ ಏಟಿಗೆ ಚಕ್ರ ಎರಡು ಹೋಳಾಯಿತು.

ಆದಿನಾರಾಯಣಪ್ಪ ಎದ್ದು ನಿಂತರು. "ಏನ್ ಮಾಡ್ದೆ ಮಾರಾಯ? ಕಾರಿಗೆ ಇದ್ದದ್ದು ಇದೊಂದೇ."

"ತಪ್ಪು ನಂದು ಸ್ವಾಮಿ. ಉಕ್ಕಿನಲ್ಲಿ ಬೇರೆ ಮಾಡ್ಕೊಡ್ತೀನಿ. ಹತ್ತು ದಿನ ಕೊಡಿ."

"ಆಗ್ಲಿಲ್ಲ ಅಂದ್ರೆ?"

"ಆಗ್ತದೆ," ಎಂದ ಬೈಲಪ್ಪ.

ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಎರಡು ದಿನ ಅಲೆದು ಒಂದು ಉಕ್ಕಿನ ಬಿಲ್ಲೆ ತಂದ. ಒಳ್ಳೆಯ ಉಕ್ಕೇ ಹೌದೋ ಎಂದು ಅರ ಹಾಕಿ ನೋಡಿದ, ಸಾಣೆಗೆ ಹಿಡಿದು ಕಿಡಿಯ ಬಣ್ಣ ನೋಡಿದ, ಮತ್ತೆ ನೋಡಿದ. ಈ ಸಲ ನಡುವನ್ನು ದಪ್ಪ ಬಿಟ್ಟು ಅಂಚನ್ನು ಕೆತ್ತುತ್ತ ಹೋದ. ಪ್ರತಿ ಬಾರಿ ಉಳಿ ಅಂಚಿಗೆ ತಾಗಿದಾಗಲೂ ಇಪ್ಪತ್ತು ವರ್ಷದ ಅಭ್ಯಾಸ ಕೈಯನ್ನು ಹಿಂದಕ್ಕೆಳೆಯುತ್ತಿತ್ತು.

ಕೊನೆಗೆ ಕಷ್ಟ ಬಂದದ್ದು ಹಲ್ಲಿನ ಬಳೆಯದು. ಕಾರು ಸ್ಟಾರ್ಟ್ ಆಗಬೇಕಾದರೆ ಚಕ್ರದ ಸುತ್ತ ಹಲ್ಲುಗಳಿರುವ ಬಳೆಯೊಂದು ಬಿಗಿಯಾಗಿ ಕೂರಬೇಕು. ಒಡೆದ ಚಕ್ರದಿಂದ ಬಿಡಿಸಿಟ್ಟಿದ್ದ ಬಳೆ ನೆಟ್ಟಗೇ ಇತ್ತು. ಅದನ್ನು ಕಾಯಿಸಿ ಹಿಗ್ಗಿಸಬೇಕು, ಆದರೆ ಗ್ಯಾಸಿನ ಉರಿಯಲ್ಲಿ ಒಂದು ಕಡೆ ಕಾವು ಹೆಚ್ಚಾದರೆ ಹಲ್ಲಿನ ಕಸುವು ಹೋಗುತ್ತದೆ.

"ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಂಡಿದ್ದೀರಿ?" ಎಂದಳು ಪಿಳ್ಳಮ್ಮ. ಅವಳ ಅಪ್ಪ ಜಡಿಗೇನಹಳ್ಳಿಯಲ್ಲಿ ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದವರು. "ನಮ್ಮಪ್ಪ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕ್ತಿದ್ದಂಗೆ ಹಾಕಿ. ಲೋ ಮುನಿಶಾಮಿ, ಬೆರಣಿ ತಗೊಂಬಾ. ಕಾರು ಓಡಿಸೋನು ಅಂತ ಕೈಕಟ್ಟಿ ನಿಂತ್ಕೋಬೇಡ."

ಬಳೆಯ ಸುತ್ತ, ಕೆಳಗೆ, ಮೇಲೆ ಬೆರಣಿ ಜೋಡಿಸಿ ಕೆಂಡವಾಗಲು ಬಿಟ್ಟರು. ಪಿಳ್ಳಮ್ಮ ರಾಗಿ ಹುಲ್ಲಿನ ಎಳೆಯನ್ನು ಬಳೆಗೆ ನಾಲ್ಕು ಕಡೆ ತಾಗಿಸಿ ನೋಡುತ್ತಿದ್ದಳು. ಹುಲ್ಲು ನಾಲ್ಕೂ ಕಡೆ ಒಂದೇ ರೀತಿ ಕಂದಿದಾಗ, "ಈಗ," ಎಂದಳು. ಭಾವ, ಭಾವಮೈದ ಇಬ್ಬರೂ ಅದನ್ನು ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲಿಟ್ಟರು. ಬಳೆ ಮೆಲ್ಲಗೆ ಇಳಿದು ಕೂತಿತು. ಆರುತ್ತ ಚಕ್ರವನ್ನು ಬಿಗಿಯಾಗಿ ಕಚ್ಚಿಕೊಂಡಿತು.

ಆಮೇಲೆ ಬೈಲಪ್ಪ ಚಕ್ರವನ್ನು ಎರಡು ಸಮಮಟ್ಟದ ಸರಳುಗಳ ಮೇಲೆ ಉರುಳಿಸಿ, ಭಾರವಾದ ಕಡೆ ರಂಧ್ರ ಕೊರೆದು ಸಮತೂಕ ಮಾಡಿದ. ತಕ್ಕಡಿ ಆರು ಕೆ.ಜಿ. ತೋರಿಸಿತು.

"ನಾನು ಹೇಳಿದ್ದು ಐದು," ಎಂದರು ಆದಿನಾರಾಯಣಪ್ಪ.

"ಗೊತ್ತು ಸ್ವಾಮಿ. ಇನ್ನೂ ಇಳಿಸಿದ್ರೆ ನಿಂತ ಕಡೆಯಿಂದ ಹೊರಡೋವಾಗ ಇಂಜಿನ್ನು ಆಫ್ ಆಗ್ಬಿಡ್ತದೆ. ಕ್ಲಚ್ಚು ಕೂರೋ ಜಾಗಾನೂ ತೆಳ್ಳಗಾಗ್ತದೆ. ನಾನಂತೂ ಇಲ್ಲಿಗೇ ನಿಲ್ಸಿದ್ದೀನಿ."

ಅವರು ಚಕ್ರವನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟರು. "ಮಹಾ ಹಟಮಾರಿ ಕಣಯ್ಯ ನೀನು. ಜೋಡಿಸು."

ರೇಸಿನಲ್ಲಿ ಮುನಿಶಾಮಪ್ಪ ಮೂರನೆಯವನಾಗಿ ಬಂದ. ಸೋಮವಾರ ಅಂಗಡಿಗೆ ನಡೆದುಕೊಂಡು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಮುಂದಕ್ಕೆ ಚಾಚಿ ಕೂತ. "ಎಣಿಸ್ಕೋ ಭಾವ, ಹತ್ತು ಬೆರಳೂ ಇದೆ." ಬೈಲಪ್ಪ ನಗಲಿಲ್ಲ, ನಿಜವಾಗಿಯೂ ಒಮ್ಮೆ ನೋಡಿಕೊಂಡ.

ಒಡೆದ ಬೀಡಿನ ಹೋಳುಗಳನ್ನು ಅವನು ಆಮೇಲೆ ಬಿಸಿಲಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿದ. ಒಡೆದ ಮೈ ಉದ್ದಕ್ಕೂ ಒಂದೇ ಬೂದು ಬಣ್ಣ; ಹಳೆಯ ಬಿರುಕಿನ ಗುರುತು ಎಲ್ಲೂ ಇರಲಿಲ್ಲ. ಅದು ಆರು ಸಾವಿರ ಸುತ್ತನ್ನು ತಾಳಿಕೊಳ್ಳುತ್ತಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಐದು ಕೆ.ಜಿ. ಆಗಿದ್ದರೆ ಮುನಿಶಾಮಪ್ಪ ಮೊದಲು ಬರುತ್ತಿದ್ದನೋ ಏನೋ, ಅದೂ ತಿಳಿಯದು. ಈ ಕತೆ ಹೇಳಿದವರಿಗೂ ಗೊತ್ತಿಲ್ಲ.