ಮಂಡಿಗೆ ಹಚ್ಚುವ ಎಣ್ಣೆ

ಜಂಗಮಕೋಟೆಯ ಮಂಗಮ್ಮನ ಮಂಡಿನೋವಿಗೆ ಮುರುಗಮಲ್ಲದ ತಮ್ಮ ಆವಲಪ್ಪ ತಂದುಕೊಟ್ಟದ್ದು ಗಾಂಜಾ ಸೊಪ್ಪು ಹಾಕಿ ಕಾಯಿಸಿದ ಹರಳೆಣ್ಣೆ. ಹಚ್ಚಿಕೊಂಡರೆ ನೋವು ಇಳಿಯುತ್ತಿತ್ತು, ಭಯ ಏರುತ್ತಿತ್ತು. 2006ರ ಆ ಬೇಸಿಗೆಯಲ್ಲಿ ಪಕ್ಕದೂರಿನ ಹೊಲದಲ್ಲಿ ಗಾಂಜಾ ಗಿಡ ಕಿತ್ತ ಪೊಲೀಸರು ಮನೆಮನೆ ಹೊಕ್ಕು ಹುಡುಕಿದ್ದರು.

ಹುಳುಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ದಾಟಿ, ಕೊನೆಯ ಪೊರೆ ಕಳಚಿ, ಗಬಗಬನೆ ಹಿಪ್ಪುನೇರಳೆ ಸೊಪ್ಪು ಮೇಯುತ್ತಿತ್ತು. ಇಂದೋ ನಾಳೆಯೋ ಹಣ್ಣಾಗಿ ಗೂಡು ಕಟ್ಟಬೇಕು. ಹುಳುವಿಗೆ ಎಣ್ಣೆಯ ಘಾಟು ಆಗದು. ಹಾಗಾಗಿ ಮಂಗಮ್ಮ ಜಗುಲಿಯಲ್ಲೇ. ಒಳಗಿನದೆಲ್ಲ ಸೊಸೆ ಶೈಲಜಾಳದು.

ಮಗ ತಿರುಮಲೇಶ ಚಿಂತಾಮಣಿ ಕಾಲೇಜಿನಿಂದ ಒಂದು ಡಿಗ್ರಿ, ಊರು ತುಂಬುವಷ್ಟು ದನಿಗಳನ್ನು ತಂದವನು. ಮಧ್ಯಾಹ್ನ ಗೋಡೆಯಾಚೆ ನಿಂತು ಸಬ್ ಇನ್ಸ್‌ಪೆಕ್ಟರನ ದನಿ ತೆಗೆದ.

"ಯಾರಮ್ಮ ಮನೇಲಿ? ಗಾಂಜಾ ಎಣ್ಣೆ ಇದೆಯಂತೆ!"

"ಲೋಪಲ ಎವರೂ ಲೇರು ಸಾರ್," ಎಂದು ಕಾನ್‌ಸ್ಟೇಬಲ್ ಆಗಿ, ಒಳಗೆ ಯಾರೂ ಇಲ್ಲವೆಂದು ತೆಲುಗಿನಲ್ಲಿ ತಾನೇ ಉತ್ತರಿಸಿದ.

"ಎವರೂ ಗಿವರೂ ಬೇಡ, ನುಗ್ಗೋ!"

ಇಬ್ಬರ ಜಗಳವನ್ನೂ ಚೆನ್ನಾಗಿ ಎಳೆದಾಡಿ, ನಗುತ್ತ ಒಳಗೆ ಬಂದರೆ ಅಮ್ಮ ಸೊಪ್ಪಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಾನೇ ಕಣಮ್ಮ!"

"ನಿನ್ ಬಾಯಿಗ್ ಮಣ್ ಹಾಕ! ಬಾಟ್ಲೀನ ಸೊಪ್ಪಿನ್ ರಾಶಿಯೊಳಗೆ ತೂರಿಸ್ಬಿಟ್ನಲ್ಲೋ. ಹೊರಗಿನೋರ್ನ ಅಲ್ಲಿಗ್ ಬಿಡಲ್ಲ ಅಂತ..."

ತಿರುಮಲೇಶ ರಾಶಿಗೆ ಹೊದಿಸಿದ್ದ ಒದ್ದೆ ಗೋಣಿ ಎಳೆದ. ಬಾಟಲಿ ಮಗುಚಿತ್ತು, ಬಿರಡೆ ಇಲ್ಲ. ಎಲೆಗಳು ಮಿರಮಿರ ಮಿಂಚುತ್ತಿದ್ದವು. ಹುಳುಮನೆಯ ಬಾಗಿಲ ಕಡೆಯಿಂದ ರಾಶಿಯನ್ನು ಆಗಲೇ ಅರ್ಧ ಬಾಚಿ ಒಯ್ದಾಗಿತ್ತು.

"ಶೈಲಾ! ಸೊಪ್ಪು ಹಾಕ್ಬೇಡ್ವೇ!"

ಹುಳುಮನೆಯಿಂದ ಉತ್ತರ ಬಂತು: "ಮೇಲಿನ್ ಸಾಲಿಗೆ ಹಾಕಾಯ್ತು. ಯಾಕ್ರೀ?"

ಓಡಿಹೋಗಿ ಎರಡೂ ಕೈಯಲ್ಲಿ ಎಲೆ ಬಾಚಿ ಹೊರಗೆಸೆದ. ಹುಳುಗಳು ತಲೆಯೆತ್ತಿ ಅತ್ತಿತ್ತ ಓಲಾಡುತ್ತಿದ್ದವು. ಒಂದರ ಬಾಯಿಂದ ಹಸಿರು ನೀರು ಇಳಿಯಿತು. ಪಕ್ಕದ್ದರಿಂದಲೂ.

"ಕೆಳಗಿನ್ ಸಾಲು ಹಸ್ಕೊಂಡಿದೆ ರೀ," ಶೈಲಜಾ ಕೆಳಗಿನ ತಟ್ಟೆ ಎಳೆದು ತೋರಿಸಿದಳು. ತಿರುಮಲೇಶ ತೋಟಕ್ಕೆ ಹಾರಿ ಹೊಸ ಸೊಪ್ಪು ಕಿತ್ತು ತಂದು, ಕೆಳಗಿನ ತಟ್ಟೆಗಳಿಗೆಲ್ಲ ಹರಡಿದ. ಕರಕರ ಸದ್ದು ಎದ್ದಿತು. ಮೂವರೂ ಉಸಿರು ಬಿಟ್ಟರು.

"ಪೊಲೀಸ್ನೋರೇ ಬಂದಿದ್ರೆ ಎಣ್ಣೆ ಒಂದೇ ಹೋಗಿರೋದು ಕಣೋ," ಎಂದಳು ಮಂಗಮ್ಮ ಹೊಸ್ತಿಲಾಚೆಯಿಂದ. ಆಮೇಲೆ ಅವಳ ದನಿ ತಗ್ಗಿತು. "ತಿರುಮಲಾ, ಸೊಪ್ಪು ಕೀಳೋಕ್ ಮುಂಚೆ ಕೈ ತೊಳ್ಕೊಂಡ್ಯೇನಪ್ಪ?"

ಅವನು ಕೈ ನೋಡಿಕೊಂಡ. ಬೆರಳುಗಳು ಇನ್ನೂ ಮಿಂಚುತ್ತಿದ್ದವು.

ಕೆಳಗಿನ ಸಾಲಿನ ಸದ್ದು ತೆಳ್ಳಗಾಗುತ್ತಿತ್ತು.