ಅಡ್ಡ ಹಿಡಿದ ಕಂಬಳಿ

ನನ್ನ ಗಂಡನ ಅಣ್ಣನ ಹೆಸರು ಓಬಯ್ಯ. ಭಾವನ ಹೆಸರು ಬಾಯಿಬಿಟ್ಟು ಹೇಳಬಾರದು ಅನ್ನುತ್ತಾರೆ ನಮ್ಮಲ್ಲಿ. ನಾನು ಹೇಳುತ್ತೇನೆ. ಮೂರು ವರ್ಷ ನಾನು ಸಾಕಿದ ಟಗರನ್ನು ಒಂದು ಮಾತೂ ಕೇಳದೆ ಕಡಿದು ತನ್ನ ಬೀಗರಿಗೆ ಬಡಿಸಿದವನಿಗೆ ಎಂಥ ಮರ್ಯಾದೆ? ಅವತ್ತಿನಿಂದ ನಮಗೆ ಮಾತಿಲ್ಲ. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಬೇರೆ ಮಾಡಿಸಿದ್ದಾನೆ, ಪುಣ್ಯಾತ್ಮ.

ಆದರೆ ಬಿಟ್ಟಿರುವ ಹಾಗೂ ಇಲ್ಲ. ನನ್ನ ಗಂಡ ಕಾಲು ಮುರಿದುಕೊಂಡು ಮಲಗಿದ ಮೇಲೆ ಕುರಿ ಕಾಯಲು ನಾನೇ ಕೋಲು ಹಿಡಿದೆ. ರಾತ್ರಿ ಕುರಿ ಕೂಡುವ ರೊಪ್ಪದ ಸುತ್ತ ತೋಳ ಕಾಯಲು ನನಗೆ ಅವನು ಬೇಕು. ಹಗಲಲ್ಲಿ ಅವನಿಗೆ ನಾನು ಬೇಕು. ಬೊಮ್ಮನಹಾಳ್ ಕಾಲುವೆಯ ಆಚೆ ದಡದಲ್ಲಿ ಅವನ ನಲವತ್ತೆರಡು ಕುರಿ, ಈಚೆ ದಡದಲ್ಲಿ ನನ್ನ ಇಪ್ಪತ್ತು. ರಸ್ತೆ ಇರುವುದು ನನ್ನ ಕಡೆ. ಹೊಲದವರು ಬೈಕಿನಲ್ಲಿ ಬಂದು, ಮೇಯಿಸಿಕೋ, ಬೇಡ ಅಂತ ಹೇಳುವುದು ನನಗೆ.

ನೀರಿನ ಸದ್ದಿಗೆ ಕೂಗು ಆಚೆ ಮುಟ್ಟುವುದಿಲ್ಲ. ಕಂಬಳಿಯೇ ನಮ್ಮ ಮಾತು. ಕೋಲಿಗೆ ಹಾಕಿ ಅಡ್ಡ ಹಿಡಿದರೆ ನಿಲ್ಲು. ತಲೆಯ ಮೇಲೆ ಬೀಸಿದರೆ ಹೊಲಕ್ಕೆ ಬಿಡು. ಮಾವನ ಕಾಲದಿಂದ ಇವೆರಡೇ ಸನ್ನೆ.

ಹೋದ ವಾರ ಆಚೆ ದಡದ ಒಂದು ಕಡಲೆಕಾಯಿ ಹೊಲಕ್ಕೆ ಒಪ್ಪಿಗೆ ಸಿಕ್ಕಿತ್ತು. ನಾನು ಕಂಬಳಿ ಅಡ್ಡ ಹಿಡಿದೆ. ಅವನು ಪಾಪದವನಂತೆ ನಿಂತ. ನಾನು ನನ್ನ ಕುರಿಗಳನ್ನು ಸೇತುವೆ ದಾಟಿಸಿಕೊಂಡು ಹೋಗಿ ಮೊದಲು ಅವುಗಳ ಹೊಟ್ಟೆ ತುಂಬಿಸಿದೆ. ಟಗರಿನ ಸಂಕಟ ಸ್ವಲ್ಪ ಇಳಿಯಿತು, ಸುಳ್ಳು ಯಾಕೆ ಹೇಳಲಿ? ಅವತ್ತಿನಿಂದ ನಾನು ಏನು ತೋರಿಸಿದರೂ ಅವನು ತಿರುಗಾಮುರುಗಾ ಮಾಡತೊಡಗಿದ.

ನಿನ್ನೆ ಬೆಳಗ್ಗೆ ಹತ್ತಿ ಹೊಲದ ವಾಗೀಶ್ ಬೈಕಿನಲ್ಲಿ ಏದುಸಿರು ಬಿಡುತ್ತಾ ಬಂದ.

"ಅಕ್ಕಾರ, ಆಚಿ ಕಡೆ ನನ್ನ ಹೊಲಕ್ಕ ಕುರಿ ಬಿಡಬ್ಯಾಡ್ರಿ! ಹತ್ತಿ ಇನ್ನೊಂದು ಸಲ ಬಿಡಿಸೋದು ಐತಂತ ಆಳು ರಾತ್ರಿನ ಔಷಧಿ ಹೊಡದಾನ. ಎಲಿ ತಿಂದ್ರ ಒಂದೂ ಉಳಿಯಂಗಿಲ್ಲ."

ನಾನು ಕಂಬಳಿ ಅಡ್ಡ ಹಿಡಿದೆ. ಓಬಯ್ಯ ನೋಡಿದ, ಕ್ಯಾಕರಿಸಿ ಉಗಿದ, ಕುರಿಗಳನ್ನು ಹೊಲದ ಕಡೆಗೇ ಹೊಡೆದ. ವಾಗೀಶ್ ಸೇತುವೆಯ ಕಡೆ ಬೈಕ್ ಓಡಿಸಿದ. ಸೇತುವೆ ಎರಡು ಮೈಲಿ ದೂರ. ನಾನು ಗಂಟಲು ಹರಿಯುವಂತೆ ಅರಚಿದೆ, ಕಂಬಳಿ ಹಿಡಿದೇ ನಿಂತೆ. ಮುಂದಿನ ಕುರಿ ಬದು ಹತ್ತಿತು. ಕುರಿಗಳೇನು ಮಾಡಿದ್ದವು ನನಗೆ? ಅವುಗಳಲ್ಲಿ ನನ್ನ ಕೈಯಲ್ಲೇ ಹುಟ್ಟಿದ ಮರಿಗಳೂ ಇದ್ದವು.

ಅಯ್ಯೋ ಮೂರ್ಖ, ನಿನಗೆ ಹೀಗೇ ಹೇಳಬೇಕು ಅಂದುಕೊಂಡು ಕಂಬಳಿಯನ್ನು ತಲೆಯ ಮೇಲೆ ಬೀಸಿದೆ. ಬಿಡು, ಬಿಡು, ಹೊಲಕ್ಕೆ ಬಿಡು! ಕೈ ಸೋಲುವ ತನಕ ಬೀಸಿದೆ.

ಓಬಯ್ಯ ಗಕ್ಕನೆ ನಿಂತ. ನನ್ನನ್ನೇ ದಿಟ್ಟಿಸಿದ. ಆಮೇಲೆ ಓಡಿಹೋಗಿ ಮುಂದಿನ ಕುರಿಯ ಮೂತಿಗೆ ಕೋಲು ಅಡ್ಡ ಕೊಟ್ಟು ಇಡೀ ಮಂದೆಯನ್ನು ತಿರುಗಿಸಿದ. ನಾನು ಅಲ್ಲೇ ಕೂತು ಅತ್ತೆ.

ಸಂಜೆ ಅವನು ರೊಪ್ಪಕ್ಕೆ ಬಂದ. ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದ.

"ವಾಗೀಶ್ ಎಲ್ಲಾ ಹೇಳಿದ. ಔಷಧಿ ಹೊಡದಾರಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಬೀಸಿ ಬೀಸಿ ಬಿಡು ಅಂದೆಲ್ಲವ್ವಾ! ಒಂದು ಟಗರಿಗೆ ನನ್ನ ಕುರಿಮಂದೀನ ಕೊಲ್ಲಾಕ ನಿಂತಿದ್ದೇನು?"

"ಮೊದ್ಲು ಅಡ್ಡ ಹಿಡದಿದ್ದೆ ಭಾವಾರ. ನೀವು ನಿಲ್ಲಲಿಲ್ಲ. ಅದಕ್ಕ ಬೀಸಿದ್ದು. ನೀವು ಉಲ್ಟಾ ಮಾಡ್ತೀರಂತ ಗೊತ್ತಿತ್ರಿ."

"ಹೋದ ವಾರಾನೂ ಅಡ್ಡ ಹಿಡದಿದ್ದಿ."

ಅವನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಇವತ್ತು ಬೆಳಗ್ಗೆ ಅವನು ರೊಪ್ಪದ ಬಲೆ ಬಿಚ್ಚಿ ತನ್ನ ಪಾಲಿನದನ್ನು ಸುತ್ತಿಕೊಂಡು ಬೆಳುಗುಪ್ಪ ಊರಿನ ದಾರಿ ಹಿಡಿದ. ಇನ್ನು ರಾತ್ರಿ ತೋಳಕ್ಕೆ ನಾನೊಬ್ಬಳೇ. ನಲವತ್ತೆರಡು ಕುರಿಯೂ, ಒಂದೂ ಕುಂಟದೆ, ಅರಚುತ್ತಾ ನನ್ನ ಮುಂದೆಯೇ ಹಾದುಹೋದವು. ಕಂಬಳಿ ಹೆಗಲ ಮೇಲೆಯೇ ಇತ್ತು. ನಾನು ಎತ್ತಲಿಲ್ಲ.