ಸೀಸೆ ಇನ್ನೂ ಕುಲುಕುತ್ತಿತ್ತು

ಟಕಟಕ, ಟಕಟಕ—ಇದೇನು ಸದ್ದು, ಅಯ್ಯೋ ನನ್ನ ಸೀಸೆ, ಪ್ರಯೋಗಾಲಯದ ಕುಲುಕುವ ಯಂತ್ರ ಇನ್ನೂ ಓಡುತ್ತಿದೆ, ಬೆಳಗಿನ ರೇಡಿಯೋ ಕವಾಯತಿನ ಸಂಗೀತ ಶುರುವಾದೊಡನೆ ಎಲ್ಲರ ಹಾಗೆ ನಾನೂ ಬಿಟ್ಟು ಅಂಗಳಕ್ಕೆ ಓಡಿದೆ, ಕೈ ಮೇಲೆ, ಕೈ ಕೆಳಗೆ, ಆಮೇಲೆ ಕಸ ಗುಡಿಸುವುದು, ಆಮೇಲೆ ಸಭೆ, ಸೀಸೆಯ ನೆನಪೇ ಹಾರಿಹೋಯಿತು—ಕಬ್ಬಿಣದ ಸಣ್ಣ ಮಣಿಗಳ ಜೊತೆ ಉಜ್ಜಿ ಉಜ್ಜಿ ಮುದ್ರಣ ಯಂತ್ರದ ಟೋನರಿನ ಕಪ್ಪು ಪುಡಿ ಚಾರ್ಜ್ ಹಿಡಿಯಬೇಕು, ಹಿಡಿದರೆ ಮಾತ್ರ ಅಕ್ಷರ ಇರುವಲ್ಲಿಗೇ ಹೋಗಿ ಕೂರುತ್ತದೆ, ಇಲ್ಲದಿದ್ದರೆ ಹಾಳೆಯ ತುಂಬ ಬೂದು ಮಬ್ಬು, ಅದಕ್ಕೇ ಪ್ರತಿ ಕಣದ ಮೇಲೂ ನನ್ನ ಬಿಳಿ ಪುಡಿಯ ಲೇಪ, ನಾನೇ ಕಂಡುಹಿಡಿದದ್ದು, ಮದುವೆಯ ಮಾತನ್ನೂ ಮುಂದೂಡಿ ಬೆನ್ನು ಹತ್ತಿದ್ದು, ಈ ಮಳೆಗಾಲದ ತೇವದಲ್ಲೂ ಚಾರ್ಜ್ ಬಿಟ್ಟುಕೊಡದ ಪುಡಿ—ಈಗ ಅಳೆದರೆ ಚಾರ್ಜ್ ಅರ್ಧಕ್ಕಿಂತ ಕಡಿಮೆ, ಇನ್ನೊಮ್ಮೆ ಅಳೆಯುತ್ತೇನೆ, ಮತ್ತೆ ಅಷ್ಟೇ, ಚಿಕ್ಕಂದಿನಲ್ಲಿ ವಾಕಾಯಾಮಾದ ಅಜ್ಜಿಯ ಅಡುಗೆಮನೆ, ಅಂಟು ಅಕ್ಕಿಯ ಬಿಸಿ ಮೋಚಿ ಉಂಡೆಗಳನ್ನು ಹುರಿದ ಸೋಯಾ ಹಿಟ್ಟಲ್ಲಿ ಹೊರಳಿಸುವ ಕೆಲಸ ನನ್ನದು, ಚೆನ್ನಾಗಿ ಹತ್ತಲಿ ಎಂದು ಒತ್ತುತ್ತೇನೆ, ಒತ್ತಬೇಡ ಕಣೇ ಚಿಹಾರು, ಹಿಟ್ಟೆಲ್ಲ ಒಳಗೆ ಇಳಿದುಬಿಡುತ್ತೆ, ನೋಡೀಗ, ಬೋಳು ಉಂಡೆ, ಬೆರಳಿಗೆ ಅಂಟಿಕೊಂಡು ಬಿಡುವುದೇ ಇಲ್ಲ—ಇಲ್ಲೂ ಅದೇ ಆಗಿದೆ, ಕುಲುಕಿ ಕುಲುಕಿ ನನ್ನ ಬಿಳಿ ಪುಡಿ ಕಪ್ಪಿನೊಳಗೆ ಹೂತುಹೋಗಿದೆ.

ಮೈಯ ಸ್ಥಿರವಿದ್ಯುತ್ತು ಇಳಿಯಲೆಂದು ಬಾಗಿಲ ಹಿತ್ತಾಳೆ ತಗಡು ಮುಟ್ಟಿ ಓನೋದೆರಾ ಸಾನ್ ಒಳಬಂದರು, ನಮ್ಮ ಮುಖ್ಯಸ್ಥರು, ಏನಮ್ಮಾ, ಮುಖ ಸಪ್ಪಗೆ ಮಾಡ್ಕೊಂಡು ನಿಂತಿದೀಯ, ಹೇಳಿದೆ, ಓಹೋ, ಸೀಸೆಗೂ ಕವಾಯತು ಮಾಡಿಸಿಬಿಟ್ಯಾ, ಹೊತ್ತು ಮೀರಿದ್ದು ಲೆಕ್ಕಕ್ಕೇ ಇಲ್ಲ, ಎಸಿ ಅದನ್ನ, ಹೊಸದು ತುಂಬು, ಪರೀಕ್ಷೆ ನಿಯಮದಲ್ಲಿರೋವಷ್ಟೇ ಹೊತ್ತು ಕುಲುಕು, ಮಧ್ಯಾಹ್ನ ಪುಡಿ ನೋಡೋಕೆ ಗಿರಾಕಿಗಳು ಬರ್ತಾರೆ, ನಿನ್ನ ಪುಡಿ ಪಾಸಾಗುತ್ತೆ ಬಿಡು—ಹೌದು, ಪಾಸಾಗುತ್ತದೆ, ಸುಳ್ಳು ಹೇಳಿದಂತೆಯೂ ಅಲ್ಲ, ಯಾರೂ ಬೈಯುವುದಿಲ್ಲ, ಆದರೆ ಮುದ್ರಣ ಯಂತ್ರಕ್ಕೆ ನಮ್ಮ ನಿಯಮ ಗೊತ್ತೇ, ಅದು ದಿನವಿಡೀ ಕುಲುಕುತ್ತದೆ, ಯಾವುದೋ ಊರಲ್ಲಿ ಯಾರದೋ ಹಾಳೆ ಮಬ್ಬಾಗುತ್ತದೆ, ನಿಜ ಹೇಳಿದರೆ ಮತ್ತೆ ಮೊದಲಿಂದ, ಎಲ್ಲ ಮೊದಲಿಂದ, ಎಷ್ಟು ಪ್ರೀತಿಸಿದ್ದೆ ಈ ಪುಡಿಯನ್ನು—ಕೊಡು ಇಲ್ಲಿ, ನಾನೇ ಎಸೀತೀನಿ, ಕೈ ಚಾಚಿದ್ದಾರೆ, ಸೀಸೆ ನನ್ನ ಅಂಗೈಯಲ್ಲಿ ಇನ್ನೂ ಬೆಚ್ಚಗಿದೆ, ಬೇಡ ಓನೋದೆರಾ ಸಾನ್, ಗಿರಾಕಿಗಳಿಗೆ ಇದನ್ನೇ ತೋರಿಸೋಣ, ಯಾರ ದನಿ ಇದು, ನನ್ನದೇ, ತೋರಿಸಿದ್ರೆ ನಿನ್ನ ಪುಡಿ ಕಥೆ ಇಲ್ಲಿಗೇ ಮುಗೀತು ಕಣಮ್ಮಾ, ಗೊತ್ತು, ಗೊತ್ತು—ಅಜ್ಜಿಯ ತಟ್ಟೆ, ಹಿಟ್ಟೆಲ್ಲ ಒಳಗಿಳಿದು, ಬೆರಳಿಗೆ ಅಂಟಿಕೊಂಡು ಬಿಡದ ಆ ಬೋಳು ಉಂಡೆ.